ಕರುಣಾಬಾಯಿ ಈಗ ಎಲ್ಲಿದ್ದಾರೆ

ಹೋದ ವಾರ ನಮ್ಮ ಓಣಿಯ ಬೇವಿನ ಮರದ ಒಂದು ಕೊಂಬೆಯನ್ನು ಕರೆಂಟಿನವರು ಬಂದು ಕಡಿದರು. ತಂತಿಗೆ ತಾಗುತ್ತಿತ್ತಂತೆ. ನಾನು ಶಾಲೆ ಮುಗಿಸಿ, ಬಸ್ಸಿಳಿದು ಓಣಿಯ ತಿರುವಿಗೆ ಬರುವ ಹೊತ್ತಿಗೆ ಅವರ ಕೆಲಸ ಮುಗಿದಿತ್ತು. ಕೊಂಬೆಯನ್ನು ತುಂಡು ಮಾಡಿ ಗೋಡೆಗೆ ಒಟ್ಟಿ ಹೋಗಿದ್ದರು. ಹಸಿ ಬೇವಿನ ವಾಸನೆ ಮೂಗಿಗಿಂತ ಮೊದಲು ಗಂಟಲಿಗೆ ತಾಗುತ್ತದೆ; ನೀವೂ ಗಮನಿಸಿರಬಹುದು. ಉಗುಳು ನುಂಗಿದರೆ ಅದೂ ಕಹಿಯಾಗಿರುತ್ತದೆ. ಬೇರೆಯವರಿಗೆ ಈ ವಾಸನೆಯಿಂದ ಯುಗಾದಿ ನೆನಪಾಗುತ್ತದೋ, ಹಲ್ಲುಜ್ಜುವ ಕಡ್ಡಿ ನೆನಪಾಗುತ್ತದೋ ಗೊತ್ತಿಲ್ಲ. ನನಗೆ ನೆನಪಾದದ್ದು ಶವಪೆಟ್ಟಿಗೆ. ತಪ್ಪು ತಿಳಿಯಬೇಡಿ, ನಾನು ಬೆಳೆದದ್ದೇ ಹಾಗೆ.

ನಮ್ಮಪ್ಪ ಬೆಟಗೇರಿಯಲ್ಲಿ ಬಡಿಗ. ಹೆಸರು ಕಾಳಪ್ಪ. ಬಾಗಿಲು, ಚೌಕಟ್ಟು, ಮಂಚ, ತೊಟ್ಟಿಲು, ದೇವರ ಮಂಟಪ, ಹೀಗೆ ಮನೆಗೆ ಬೇಕಾದದ್ದನ್ನೆಲ್ಲ ಮಾಡುತ್ತಿದ್ದ. ನಾನು ಹುಟ್ಟುವ ಮೊದಲು ಎಂದೋ ಒಮ್ಮೆ ಕ್ರೈಸ್ತರ ಮನೆಯವರು ಪೆಟ್ಟಿಗೆ ಮಾಡಿಕೊಡಿ ಎಂದು ಬಂದಾಗ ಉಳಿದ ಬಡಿಗರು ಹಿಂದೆಮುಂದೆ ನೋಡಿದರಂತೆ. ಅಪ್ಪ ಮಾತ್ರ ಅಳತೆ ಎಷ್ಟು ಎಂದು ಕೇಳಿದ. ಅಷ್ಟಕ್ಕೇ ಆತ ಊರಿನ ಪೆಟ್ಟಿಗೆಯ ಬಡಿಗನಾದ. ನಮ್ಮ ಓಣಿಯಲ್ಲಿ ಹೆಚ್ಚಿನವರನ್ನು ಕೂಡ್ರಿಸಿ ಮಣ್ಣು ಮಾಡುತ್ತಾರೆ. ಅದಕ್ಕೆ ಬಡಿಗನ ಅವಶ್ಯಕತೆ ಇಲ್ಲ. ಹಾಗಾಗಿ ಈ ಕೆಲಸದ ಬಗ್ಗೆ ಕೇಳುವುದಕ್ಕೆ ಅಪ್ಪನಿಗೆ ಹಿರಿಯರು ಯಾರೂ ಇರಲಿಲ್ಲ. ಅಳತೆ ತೆಗೆದುಕೊಂಡು ತನಗೆ ತಿಳಿದಂತೆ ಮಾಡುತ್ತ ಹೋದ.

ಅವ್ವನಿಗೆ ಮಾತ್ರ ಇದು ಅಪ್ಪ ಕೆಲಸ ಬಿಡುವವರೆಗೂ ಒಗ್ಗಲಿಲ್ಲ. ತೊಟ್ಟಿಲು ಮಾಡಿದ ಕೈಯಿಂದ ಇದನ್ನು ಮಾಡಬಾರದು ಎಂದು ಮೊದಮೊದಲು ಹೇಳುತ್ತಿದ್ದಳಂತೆ. ಆಮೇಲೆ, ಪೆಟ್ಟಿಗೆ ಮಾಡಿದ ದಿನ ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಬೇಕು ಎಂಬಲ್ಲಿಗೆ ರಾಜಿಯಾದಳು. ಮದುವೆಯ ಮಂಚ ನೋಡಲು ಯಾರಾದರೂ ಬಂದಾಗ ಅಂಗಡಿಯಲ್ಲಿ ಪೆಟ್ಟಿಗೆ ಇದ್ದರೆ ಅಪ್ಪ ಅದರ ಮೇಲೆ ಗೋಣಿತಾಟು ಹೊದಿಸುತ್ತಿದ್ದ. ಒಮ್ಮೆ ಯಾರೋ ಅದನ್ನೇ ಬೆಂಚು ಎಂದುಕೊಂಡು ಅರ್ಧ ಗಂಟೆ ಅದರ ಮೇಲೆ ಕುಳಿತು, ಮಂಚದ ಕಾಲಿಗೆ ಹೂವಿನ ಕೆತ್ತನೆ ಬೇಕೋ ಬೇಡವೋ ಎಂದು ಚರ್ಚೆ ಮಾಡಿ ಹೋದರು.  ಅವರು ಹೋದ ಮೇಲೆ ಅಪ್ಪ, "ಮಂಚ ಮಾಡಿದ್ರೂ ಮಲಗಾಕ, ಇದನ್ನ ಮಾಡಿದ್ರೂ ಮಲಗಾಕ," ಎಂದಷ್ಟೇ ಹೇಳಿ ಉಳಿ ಎತ್ತಿಕೊಂಡ.

ಅಪ್ಪನಿಗೆ ಇನ್ನೊಂದು ಅಭ್ಯಾಸವಿತ್ತು. ತಾನು ಮಾಡಿದ ಪೆಟ್ಟಿಗೆ ಯಾರದೇ ಇರಲಿ, ಮಣ್ಣಿಗೆ ಹೋಗುತ್ತಿದ್ದ. ಕ್ರೈಸ್ತರ ಸ್ಮಶಾನದಲ್ಲಿ ಎಲ್ಲರಿಗಿಂತ ಹಿಂದೆ, ಟವೆಲ್ಲನ್ನು ಹೆಗಲಿನಿಂದ ಕೈಗೆ ತೆಗೆದುಕೊಂಡು ನಿಲ್ಲುತ್ತಿದ್ದ. ಯಾಕೆ ಹೋಗುತ್ತೀ ಎಂದರೆ, ಮುಚ್ಚಳ ಸರಿ ಕೂಡುತ್ತದೋ ಇಲ್ಲವೋ ನೋಡಬೇಕಲ್ಲ ಎನ್ನುತ್ತಿದ್ದ. ಅಲ್ಲಿ ಅಯ್ಯನವರು, ಅಂದರೆ ಅವರ ಪಾದ್ರಿ, ಓದುವ ಮಾತುಗಳನ್ನೂ ಪ್ರತಿ ಸಲ ಕೇಳುತ್ತಿದ್ದ. ಮೂವತ್ತು ವರ್ಷ ಹೀಗೆ ತುಂಡುತುಂಡಾಗಿ ಕೇಳಿದ್ದು ಆತನ ತಲೆಯಲ್ಲಿ ಎಲ್ಲೋ ಕುಳಿತಿರಬೇಕು. ನಮಗೆ ಅದು ಗೊತ್ತಿರಲಿಲ್ಲ.

ಹನ್ನೆರಡು ಹದಿಮೂರು ವರ್ಷದ ಹಿಂದಿನ ಮಾತು. ಒಂದು ರವಿವಾರ ಮುಂಜಾನೆ ಯೋಹಾನ ಮಾಸ್ತರು ಅಂಗಡಿಗೆ ಬಂದರು. ನಾನು ಕನ್ನಡ ಕಲಿಸುವ ಶಿರಹಟ್ಟಿಯಲ್ಲಿಯೇ, ಬೇರೆ ಶಾಲೆಯಲ್ಲಿ, ಅವರು ಗಣಿತ ಕಲಿಸಿ ನಿವೃತ್ತರಾಗಿದ್ದರು. ಎತ್ತರದ ಆಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಅವರ ಹೆಂಡತಿ ಕರುಣಾಬಾಯಿ ಬೆಳ್ಳಟ್ಟಿಯ ಸರಕಾರಿ ದವಾಖಾನೆಯಲ್ಲಿ ಬಹಳ ವರ್ಷ ನರ್ಸಾಗಿದ್ದವರು. ಮಕ್ಕಳಿರಲಿಲ್ಲ. ಆ ದಿನ ನಸುಕಿನಲ್ಲಿ ಕರುಣಾಬಾಯಿ ತೀರಿಕೊಂಡಿದ್ದರು. ನಾನು ಅಪ್ಪನಿಗೆ ನಾಷ್ಟಾ ಕೊಡಲು ಹೋಗಿದ್ದೆ, ಹಾಗಾಗಿ ಎಲ್ಲವನ್ನೂ ಕೇಳಿಸಿಕೊಂಡೆ.

"ಎತ್ತರ ಎಷ್ಟ್ರೀ ಮಾಸ್ತರ?" ಎಂದ ಅಪ್ಪ.

ಮಾಸ್ತರು ತಮ್ಮ ಹೆಗಲಿನ ಹತ್ತಿರ ಕೈ ಇಟ್ಟು, "ಇಲ್ಲೀತನಕ," ಎಂದರು. ಮತ್ತೆ ಅದು ಸರಿಯಾದ ಉತ್ತರವಲ್ಲ ಎನ್ನಿಸಿರಬೇಕು. "ಐದು ಫೂಟು ಒಂದು ಇಂಚು. ಮೊದಲ ಎರಡಿತ್ತು. ವಯಸ್ಸಾದ ಮ್ಯಾಲ ಒಂದು ಇಂಚು ಕಡಿಮಿ ಆಗಿತ್ತು."

"ಸಾಗವಾನಿ ಹಾಕ್ಲ್ಯೋ, ಬೇವು ಹಾಕ್ಲ್ಯೋ?"

"ಬೇವು ಹಾಕು, ಸಾಕು. ಆಕಿ ಅದರಾಗ ಇರೂದಿಲ್ಲ ಕಾಳಪ್ಪ. ಆಕಿ ಮುಂಜಾನಿನ ಹ್ವಾದ್ಲು. ಈಗ ಅಲ್ಲಿ ಅದಾಳ."

ಹುಬ್ಬಳ್ಳಿಗೆ ಮೊದಲ ಬಸ್ಸಿಗೆ ಹೋದಳು, ಇಷ್ಟು ಹೊತ್ತಿಗೆ ಮುಟ್ಟಿರುತ್ತಾಳೆ ಎಂದು ಹೇಳುವಂತೆ ಹೇಳಿದರು. ಆ ದನಿಯಲ್ಲಿ ಅನುಮಾನ ಎಳ್ಳಷ್ಟೂ ಇರಲಿಲ್ಲ. ಅಪ್ಪ ಬೇವಿನ ಹಲಗೆ ಇಳಿಸಿದ. ಸಂಜೆ ಮಣ್ಣಾಯಿತು. ಅಪ್ಪ ಹಿಂದೆ ನಿಂತಿದ್ದ. ಮುಚ್ಚಳ ಸರಿಯಾಗಿ ಕೂಡಿತು ಎಂದು ಮನೆಗೆ ಬಂದು ಹೇಳಿದ.

ಅದಾದ ಮೇಲೆ ಮಾಸ್ತರು ದಿನಾಲು ಅಂಗಡಿಗೆ ಬರತೊಡಗಿದರು. ಹತ್ತು ಗಂಟೆಗೆ ಬಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತರೆ ಊಟದ ಹೊತ್ತಿಗೆ ಏಳುವುದು. ಮಾತು ಹೆಚ್ಚೇನಿಲ್ಲ. ಅಪ್ಪ ಗರಗಸ ಎಳೆಯುತ್ತಿದ್ದ, ಮಾಸ್ತರು ಪೇಪರ್ ಓದುತ್ತಿದ್ದರು, ಹಿಂದಿನ ಓಣಿಯಿಂದ ಮಗ್ಗದ ಸಪ್ಪಳ ಕೇಳುತ್ತಿತ್ತು. ತಮ್ಮ ದಿನಚರಿಯನ್ನು ಅವರು ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದರು. ಮುಂಜಾನೆ ಆರಕ್ಕೆ ಎದ್ದು ಚಹಾ ಮಾಡುತ್ತಾರೆ. ಎರಡು ಕಪ್ಪಿಗೆ ಹಾಕುತ್ತಾರೆ. "ಕರುಣಾ, ಚಹಾ ಆತು," ಎಂದು ಹೇಳುತ್ತಾರೆ. ಆ ದಿನ ಏನೇನು ಕೆಲಸವಿದೆ, ಯಾರ ಮನೆಗೆ ಹೋಗಬೇಕು ಎಂದೆಲ್ಲ ಹೇಳುತ್ತಾರೆ. ಆಮೇಲೆ ಎರಡೂ ಕಪ್ಪನ್ನು ತಾವೇ ಕುಡಿಯುತ್ತಾರೆ.

"ಆಕಿ ಕೇಳ್ತಾಳ," ಎನ್ನುತ್ತಿದ್ದರು. "ಮಾತಾಡೂದಿಲ್ಲ, ಖರೆ. ಕೇಳ್ತಾಳ."

ಇದರಲ್ಲಿ ನಮಗೆ ವಿಚಿತ್ರವೇನೂ ಕಾಣಲಿಲ್ಲ. ನಮ್ಮ ಅಜ್ಜಿ ದೇವರ ಪಟದ ಜೊತೆ ಇದಕ್ಕಿಂತ ಉದ್ದವಾಗಿ, ಇದಕ್ಕಿಂತ ಸಿಟ್ಟಿನಿಂದ ಮಾತಾಡುತ್ತಿದ್ದಳು.

ಒಂದು ತಿಂಗಳು ಕಳೆದಿರಬಹುದು. ಒಂದು ದಿನ ಅಪ್ಪ ಚೌಕಟ್ಟಿನ ಮೂಲೆ ಕೂಡಿಸುತ್ತ, ತಲೆ ಎತ್ತದೆ, "ಮಾಸ್ತರ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ," ಎಂದ.

"ಕೇಳಪಾ."

"ಮಣ್ಣಿನ ದಿವಸ ನಿಮ್ಮ ಅಯ್ಯನೋರು ಓದಿದ್ರಲ್ಲ, ಯೇಸುಸ್ವಾಮಿ ಬರೂ ಮುಂದ ತುತ್ತೂರಿ ಊದತಾರ, ಸತ್ತವರು ಮೊದಲ ಏಳ್ತಾರ ಅಂತ. ಪ್ರತಿ ಸಲ ಓದತಾರ ಅದನ್ನ. ಬಾಯಾರು ಆಗಲೇ ಅಲ್ಲಿ ಹೋಗಿ ಮುಟ್ಯಾರ ಅಂದ್ರ, ಮುಂದ ಇಲ್ಲಿಂದ ಏಳೂರು ಯಾರು?"

ಅಪ್ಪನಿಗೆ ವಾದ ಮಾಡುವ ಉದ್ದೇಶವಿರಲಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಪೆಟ್ಟಿಗೆ ಮಾಡಿದವನಿಗೆ ಅದರೊಳಗೆ ಯಾರಿದ್ದಾರೆ ಎಂದು ತಿಳಿಯುವ ಆಸೆ, ಅಷ್ಟೇ. ಆದರೆ ಕೇಳಿದ್ದು ಗಣಿತದ ಮಾಸ್ತರನ್ನು. ಅವರು ಪೇಪರ್ ಮಡಚಿದರು. ಒಂದು ನಿಮಿಷ ಚೌಕಟ್ಟನ್ನು ನೋಡಿದರು. "ನಾಳೆ ಹೇಳ್ತೀನಿ," ಎಂದು ಎದ್ದು ಹೋದರು.

ಮೂರು ದಿನ ಬರಲಿಲ್ಲ. ನಾಲ್ಕನೆಯ ದಿನ ಬಂದಾಗ ಕೈಯಲ್ಲಿ ಸತ್ಯವೇದ ಮತ್ತು ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಪ್ರತಿ ಪುಟದ ನಡುವೆ ಪಟ್ಟಿ ಇಟ್ಟು ಗೆರೆ ಎಳೆದಿದ್ದರು. ಎಡಗಡೆ ಮೇಲೆ 'ಕೂಡಲೇ' ಎಂದು ಬರೆದಿದ್ದರು, ಬಲಗಡೆ 'ಆಮೇಲೆ'. ಸತ್ತ ಭಕ್ತರು ಕೂಡಲೇ ಪರಲೋಕಕ್ಕೆ ಹೋಗುತ್ತಾರೆ ಎನ್ನುವ ಮಾತುಗಳೆಲ್ಲ ಎಡಕ್ಕೆ. ಮಲಗಿರುತ್ತಾರೆ, ಕಡೆಯ ದಿನ ಏಳುತ್ತಾರೆ ಎನ್ನುವ ಮಾತುಗಳೆಲ್ಲ ಬಲಕ್ಕೆ. ಎಡಗಡೆ ಮೊದಲನೆಯವನು ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳ. ಅವನಿಗೆ ಈಹೊತ್ತೇ ನನ್ನ ಸಂಗಡ ಪರದೈಸಿನಲ್ಲಿ, ಅಂದರೆ ಪರಲೋಕದಲ್ಲಿ, ಇರುತ್ತೀ ಎಂದು ಯೇಸು ಮಾತು ಕೊಟ್ಟದ್ದು. ಆಮೇಲೆ, ದೇಹ ಬಿಟ್ಟು ಕ್ರಿಸ್ತನ ಹತ್ತಿರ ಹೋಗುವುದೇ ಮೇಲು ಎಂದು ಪೌಲ ಬರೆದದ್ದು. ಬಾಗಿಲಲ್ಲಿ ಬಿದ್ದಿದ್ದ ಭಿಕ್ಷುಕ ಸತ್ತ ಕೂಡಲೇ ಅಬ್ರಹಾಮನ ಎದೆಗೆ ಒರಗಿದ ಕಥೆ. ಬಲಗಡೆ ತುತ್ತೂರಿ. ತೀರಿಕೊಂಡ ಗೆಳೆಯನನ್ನು ಯೇಸು ಮಲಗಿದ್ದಾನೆ, ಎಬ್ಬಿಸುತ್ತೇನೆ ಎಂದದ್ದು. ಸತ್ತವರಿಗೆ ಏನೂ ತಿಳಿಯದು ಎಂದು ಹಳೆಯ ಒಡಂಬಡಿಕೆಯಲ್ಲಿ ಬರುವ ಮಾತು. ದಾವೀದ ರಾಜನೇ ಇನ್ನೂ ಆಕಾಶಕ್ಕೆ ಏರಿಲ್ಲ ಎಂದು ಪೇತ್ರ ಹೇಳಿದ್ದು.

"ದಾವೀದ ರಾಜಾನೇ ಹೋಗಿಲ್ಲಂತ, ಕಾಳಪ್ಪ," ಎಂದರು ಮಾಸ್ತರು. "ಇದನ್ನ ನಾ ಎಷ್ಟು ಸಲ ಓದೇನಿ. ಈಗ ಕಣ್ಣಿಗೆ ಬಿತ್ತು."

ಅಪ್ಪನಿಗೆ ಆಗಲೇ ಕಸಿವಿಸಿಯಾಗಿತ್ತು. "ಬಿಡ್ರಿ ಮಾಸ್ತರ, ನಾ ಸುಮ್ನ ಕೇಳಿದೆ," ಎಂದ. ಆದರೆ ಮಾಸ್ತರು ಬಿಡುವ ಪೈಕಿ ಅಲ್ಲ. ಮೊದಲು ತಮ್ಮ ಚರ್ಚಿನ ಸಭೆಯ ಅಯ್ಯನವರ ಹತ್ತಿರ ಹೋದರು. ಅವರು ಒಳ್ಳೆಯ ಮನುಷ್ಯರು, ಎರಡೂ ನಿಜ ಎಂದರಂತೆ. ಆತ್ಮ ಕೂಡಲೇ ದೇವರ ಹತ್ತಿರ ಹೋಗುತ್ತದೆ, ದೇಹ ಮಣ್ಣಿನಲ್ಲಿ ಮಲಗಿರುತ್ತದೆ, ಕಡೆಯ ದಿನ ಎರಡೂ ಕೂಡುತ್ತವೆ. ಇದು ಅಪ್ಪನಿಗೆ ಬಹಳ ಹಿಡಿಸಿತು.

"ಬರೋಬ್ಬರಿ ಐತಲ್ರೀ," ಎಂದ. "ಎರಡೂ ಭಾಗ ತಯಾರ ಇರ್ತಾವ. ಜೋಡಣಿ ಆಮ್ಯಾಲ."

"ಅಲ್ಲೀತನಕ ಕಿವಿ ಯಾರ ಕಡೆ ಇರ್ತಾವ?" ಎಂದರು ಮಾಸ್ತರು.

ಅಪ್ಪನ ಕೈ ನಿಂತಿತು. "ಅಂದ್ರ?"

"ಕಿವಿ ದೇಹದ್ದೋ, ಆತ್ಮದ್ದೋ? ನಾ ಚಹಾ ಆತು ಅಂತ ಹೇಳಿದ್ದು ಆಕಿಗೆ ಈಗ ಕೇಳ್ತೈತೋ ಇಲ್ಲೋ?"

ಇದನ್ನು ಅಯ್ಯನವರಿಗೂ ಕೇಳಿದ್ದರಂತೆ. ವಿಚಾರ ಮಾಡಿ ಮುಂದಿನ ವಾರ ಹೇಳುತ್ತೇನೆ ಎಂದಿದ್ದರು. ಮುಂದಿನ ವಾರ ಅವರಿಗೆ ಬೇರೆ ಊರಿಗೆ ವರ್ಗವಾಯಿತು.

ಆಗ ಮಾಸ್ತರು ಮುಂಡರಗಿಗೆ ಹೋದರು. ಅಲ್ಲಿ ಒಂದು ಸಣ್ಣ ಪ್ರಾರ್ಥನೆಯ ಮನೆ ನಡೆಸುತ್ತಿದ್ದ ಬೋಧಕರು ಗ್ರೀಕು ಭಾಷೆ ಕಲಿತವರು ಎಂದು ಯಾರೋ ಹೇಳಿದ್ದರು. ಅವರು ಬಲಗಡೆಯವರು. ಸತ್ತವರು ಗಾಢ ನಿದ್ರೆಯಲ್ಲಿರುತ್ತಾರೆ, ಅವರಿಗೆ ಏನೂ ಕೇಳುವುದಿಲ್ಲ, ಕಣ್ಣು ಮುಚ್ಚಿ ತೆರೆದಷ್ಟರಲ್ಲಿ ಕಡೆಯ ದಿನ ಬಂದಿರುತ್ತದೆ ಎಂದು ಸಮಾಧಾನದಿಂದಲೇ ವಿವರಿಸಿದರಂತೆ. ಹಾಗಾದರೆ ಕಳ್ಳನ ಗತಿ ಏನು ಎಂದು ಮಾಸ್ತರು ಕೇಳಿದರು. ಮೂಲದಲ್ಲಿ ಅಲ್ಪವಿರಾಮ ಇರಲಿಲ್ಲ, ಅದನ್ನು ಆಮೇಲಿನವರು ಹಾಕಿದರು ಎಂದು ಬೋಧಕರು ಹೇಳಿದರು.

ಇಲ್ಲಿಯವರೆಗೆ ನಡೆದದ್ದಕ್ಕೆ ಅಪ್ಪನೇ ಜವಾಬ್ದಾರ. ಇಲ್ಲಿಂದ ಮುಂದೆ ನಾನು.

ಮುಂಡರಗಿಯಿಂದ ಬಂದ ಮರುದಿನ ಸಂಜೆ ಮಾಸ್ತರು ನನಗಾಗಿ ಕಾಯುತ್ತ ಅಂಗಡಿಯಲ್ಲಿ ಕುಳಿತಿದ್ದರು. ನಾನಾಗ ಹತ್ತನೆಯ ತರಗತಿಗೆ ವ್ಯಾಕರಣ ಕಲಿಸುತ್ತಿದ್ದೆ. ಲೇಖನ ಚಿಹ್ನೆಗಳ ಮೇಲೆ ನನ್ನ ಪಾಠ ಕೇಳಿ ಇನ್‌ಸ್ಪೆಕ್ಟರು ಹೊಗಳಿ ಹೋಗಿ ಹದಿನೈದು ದಿನವೂ ಆಗಿರಲಿಲ್ಲ. ಆ ಗಾಳಿ ಇನ್ನೂ ತಲೆಯಲ್ಲಿತ್ತು.

"ತಂಗಿ, ನೀ ಭಾಷಾ ಟೀಚರ್," ಎಂದರು ಮಾಸ್ತರು. ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ಕಳ್ಳನಿಗೆ ಹೇಳಿದ ಮಾತನ್ನು, 'ನಿನಗೆ ಹೇಳುತ್ತೇನೆ ಈಹೊತ್ತು ನನ್ನ ಸಂಗಡ ಪರದೈಸಿನಲ್ಲಿರುತ್ತೀ' ಎಂದು, ಚಿಹ್ನೆಗಳಿಲ್ಲದೆ ದೊಡ್ಡ ಅಕ್ಷರದಲ್ಲಿ ಬರೆದಿದ್ದರು. "ಇಲ್ಲಿ 'ಈಹೊತ್ತು' ಅನ್ನೂದು ಯಾವುದಕ್ಕ ಸೇರತೈತಿ? ಹೇಳೂದಕ್ಕೋ, ಇರೂದಕ್ಕೋ?"

ನಾನು ಅವರ ಕಿಸೆಯ ಪೆನ್ನನ್ನೇ ಇಸಿದುಕೊಂಡೆ. ನೋಡಿ ಸರ್, ಎಂದು ಶುರುಮಾಡಿದೆ. ಅಲ್ಪವಿರಾಮವನ್ನು 'ಈಹೊತ್ತು' ಎಂಬುದಕ್ಕಿಂತ ಮೊದಲು ಇಟ್ಟರೆ, ಇವತ್ತೇ ನನ್ನ ಸಂಗಡ ಇರುತ್ತೀ ಎಂದಾಗುತ್ತದೆ. ನಂತರ ಇಟ್ಟರೆ, ಇವತ್ತು ನಿನಗೆ ಹೇಳುತ್ತಿದ್ದೇನೆ, ಮುಂದೆ ಎಂದೋ ಇರುತ್ತೀ ಎಂದಾಗುತ್ತದೆ. ವ್ಯಾಕರಣದ ದೃಷ್ಟಿಯಿಂದ ಎರಡೂ ಸರಿ ಸರ್. ಹೀಗೆ ಹೇಳಿ, ಎರಡೂ ಕಡೆ ಅಲ್ಪವಿರಾಮ ಹಾಕಿ ತೋರಿಸಿದೆ. ತಪ್ಪಿಲ್ಲದ ಉತ್ತರ ಕೊಟ್ಟೆ ಎಂಬ ಸಂತೋಷದಲ್ಲಿ ಅವರ ಮುಖ ನೋಡಲಿಲ್ಲ.

"ಎರಡೂ ಸರಿ," ಎಂದರು ಮಾಸ್ತರು. ಪೆನ್ನು ತೆಗೆದುಕೊಂಡು ಕಿಸೆಗೆ ಸಿಕ್ಕಿಸಿಕೊಂಡರು. ಥ್ಯಾಂಕ್ಸ್ ತಂಗಿ ಎಂದು ಹೇಳಿಯೇ ಹೋದರು.

ಒಂದು ವಾರದ ಮೇಲೆ ಅಪ್ಪ ಕೇಳಿದ, ಚಹಾ ಆತೇನ್ರಿ ಮಾಸ್ತರ ಎಂದು. ಸುಮ್ಮನೆ, ಎಲ್ಲರಿಗೂ ಕೇಳುವ ಹಾಗೆ. "ಆತು. ಈಗ ಒಂದ ಕಪ್ಪು ಮಾಡ್ತೀನಿ," ಎಂದರು. "ಮಲಗಿದಾಕಿ ಮುಂದ ದಿನಾ ಒಬ್ಬನ ಒದರಿಕೋತ ಕುಂಡ್ರೂದು ಛಲೋ ಕಾಣೂದಿಲ್ಲ."

ಅದಾದ ಮೇಲೆ ಅವರು ಇಳಿಯುತ್ತ ಬಂದದ್ದು ಎಲ್ಲರಿಗೂ ಕಾಣುತ್ತಿತ್ತು. ಅಂಗಿಯ ಇಸ್ತ್ರಿ ಹೋಯಿತು. ಕೊರಳಪಟ್ಟಿಯೊಳಗೆ ಕೊರಳು ಸಣ್ಣದಾಯಿತು. ಕುರ್ಚಿಯಲ್ಲಿ ಕುಳಿತರೂ ಪೇಪರ್ ಬಿಚ್ಚುತ್ತಿರಲಿಲ್ಲ. ಕೆಲವು ದಿನ ಬರುತ್ತಲೇ ಇರಲಿಲ್ಲ. ಹೆಂಡತಿ ತೀರಿದ ದಿನ ಕೂಡ ನೆಟ್ಟಗೆ ನಿಂತು ಒಂದು ಇಂಚಿನ ವ್ಯತ್ಯಾಸವನ್ನು ಸರಿಯಾಗಿ ಹೇಳಿದ್ದ ಮನುಷ್ಯ, ಈಗ ಯಾವ ವಾರ ಎಂದು ಕೇಳಿದರೆ ತಡವರಿಸುತ್ತಿದ್ದರು.

ಅಪ್ಪನ ಮನೆಯಲ್ಲಿ ಒಂದು ದಿನ ಊಟಕ್ಕೆ ಕುಳಿತಾಗ ಈ ಮಾತು ಬಂತು. ನೀನು ಆ ತುತ್ತೂರಿಯ ಸುದ್ದಿ ತೆಗೆಯಬಾರದಿತ್ತಪ್ಪಾ ಎಂದೆ.

"ನಾ ತುತ್ತೂರಿ ಕೇಳಿದೆ," ಎಂದ ಅಪ್ಪ. "ಅಲ್ಪವಿರಾಮ ಇಟ್ಟಾಕಿ ನೀನು."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಒಮ್ಮಿ ಮಣ್ಣ ಮಾಡಿ ಬಂದಿದ್ರು ಪಾಪ," ಎಂದಳು. "ಅಪ್ಪ ಮಗಳು ಕೂಡಿ ಆ ಬಾಯಾರನ್ನ ಇನ್ನೊಮ್ಮಿ ಮಣ್ಣ ಮಾಡಿದ್ರಿ."

ಆ ದಿನ ಇಬ್ಬರಿಗೂ ಊಟ ಸೇರಲಿಲ್ಲ. ಎರಡನೆಯ ರೊಟ್ಟಿಗೆ ಕೈ ತೊಳೆದೆವು.

ಮರುದಿನ ರಜೆ ಇತ್ತು. ಅಪ್ಪ ಅಂಗಡಿ ತೆರೆಯಲಿಲ್ಲ. ಬಿಳಿ ಧೋತರ ಉಟ್ಟು, ಟೋಪಿ ಇಟ್ಟು ನನ್ನ ಮನೆಯ ಮುಂದೆ ಬಂದು ನಿಂತ. ನಾನು ಮದುವೆಯಾಗಿ ಹೋದದ್ದು ಅದೇ ಓಣಿಯಲ್ಲಿ, ನಾಲ್ಕು ಮನೆ ಆಚೆ. "ನಡಿಯವ್ವ, ಲಕ್ಷ್ಮೇಶ್ವರಕ್ಕ ಹೋಗಿ ಬರೂಣು. ಬಾಯಾರ ಅಕ್ಕ ಅದಾರಂತ ಅಲ್ಲಿ. ಶಾಸ್ತ್ರ ತಿಳಿದವರಂತ. ಕೆಡಿಸಿದವರು ನಾವು, ನಾವ ಕೇಳೂಣು," ಎಂದ.

ಬಸ್ಸು ಸೊರಟೂರು ದಾಟಿತು. ಯಳವತ್ತಿಯ ಹತ್ತಿರ ಹೊಲದಲ್ಲಿ ಮೆಣಸಿನಕಾಯಿ ಹರವಿದ್ದರು. ಕಿಟಕಿಯಿಂದ ಬಂದ ಘಾಟಿಗೆ ಬಸ್ಸಿನಲ್ಲಿದ್ದವರೆಲ್ಲ ಕೆಮ್ಮಿದರು. ಅಪ್ಪ ಕೆಮ್ಮುತ್ತಲೇ, "ನೀ ವ್ಯಾಕರಣ ತಗೀಬ್ಯಾಡ ಅಲ್ಲಿ," ಎಂದು ನನಗೆ ತಾಕೀತು ಮಾಡಿದ. ಆಗಲಿ ಎಂದೆ.

ಕರುಣಾಬಾಯಿಯವರ ಅಕ್ಕ ಎಸ್ತೇರಮ್ಮನವರು ತಮ್ಮನ ಮನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಕುಳಿತು ಹೆಸರುಕಾಳು ಹಸನು ಮಾಡುತ್ತಿದ್ದರು. ಎಂಬತ್ತು ದಾಟಿದ ಜೀವ, ಕಣ್ಣು ಚುರುಕಾಗಿತ್ತು. ನಾವು ಯಾರೆಂದು ಹೇಳಿದ ಕೂಡಲೇ, "ಕರುಣಾನ ಪೆಟಿಗಿ ಮಾಡಿದವರು ನೀವಾ? ಛಲೋ ಮಾಡಿದ್ರಿ. ಕುಂಡ್ರಿ," ಎಂದರು. ಅವಲಕ್ಕಿ ತರಿಸಿದರು. ಅಪ್ಪ ತಟ್ಟೆ ಮುಟ್ಟದೆ ಮೊದಲಿನಿಂದ ಎಲ್ಲವನ್ನೂ ಹೇಳಿದ. ತುತ್ತೂರಿ, ನೋಟ್‌ಬುಕ್ಕು, ದಾವೀದ ರಾಜ, ಮುಂಡರಗಿ, ಅಲ್ಪವಿರಾಮ, ಒಂದು ಕಪ್ಪು ಚಹಾ. ನನ್ನ ಪಾಲಿನದನ್ನು ಸ್ವಲ್ಪ ಹೆಚ್ಚಿಸಿಯೇ ಹೇಳಿದ ಎಂದು ನನಗನ್ನಿಸಿತು.

ಎಸ್ತೇರಮ್ಮನವರು ಕಾಳು ಆರಿಸುತ್ತಲೇ ಕೇಳಿದರು. "ಯೋಹಾನ ಮೊದಲಿಂದ ಹಂಗ," ಎಂದರು. "ಹೆಣ್ಣು ನೋಡಾಕ ಬಂದಾಗನೂ ನಮ್ಮಪ್ಪಗ ಎರಡು ಪ್ರಶ್ನಿ ಕೇಳಿದ್ದ."

"ಬಾಯಾರ, ನಿಮಗೇನು ಅನಸತೈತ್ರಿ?" ಎಂದ ಅಪ್ಪ. "ಕೂಡಲೇನೋ, ಆಮ್ಯಾಲೋ?"

"ನನಗ ಎಂಬತ್ತೆರಡು ಈಗ. ಇಷ್ಟರಾಗ ಗೊತ್ತಾಗೂದು ಐತಿ. ಅವಸರ ಯಾಕ?"

ಅಪ್ಪ ಒಪ್ಪಿಕೊಂಡವನಂತೆ ತಲೆ ಆಡಿಸಿದ. ಆದರೆ ಎಸ್ತೇರಮ್ಮನವರು ಮೊರವನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ತಂಗಿ, ನೀ ಆ ಕಳ್ಳನ ಮಾತಿನಾಗ ಈಹೊತ್ತು ಅನ್ನೂದನ್ನ ಹಿಡಕೊಂಡು ಜಗ್ಯಾಡಿದಿ. ಅವ ಯಾವಾಗ, ಎಲ್ಲಿ ಅಂತ ಏನೂ ಕೇಳಿರಲಿಲ್ಲ. ನನ್ನ ನೆನಪ ಇಟ್ಕೋ ಅಂದಿದ್ದ. ಅದಕ್ಕ ಸ್ವಾಮಿ ನನ್ನ ಸಂಗಡ ಇರ್ತಿ ಅಂದ. ನಿನ್ನ ಅಲ್ಪವಿರಾಮ ಎಲ್ಲಿ ಬೇಕಾದಲ್ಲಿ ಇಡು, 'ನನ್ನ ಸಂಗಡ' ಅನ್ನೂದು ಅಳ್ಳಾಡ್ತೈತೇನು ನೋಡು."

ಮನಸ್ಸಿನಲ್ಲೇ ಅಲ್ಪವಿರಾಮವನ್ನು ಆ ಕಡೆ ಈ ಕಡೆ ಇಟ್ಟು ನೋಡಿದೆ. ಅಳ್ಳಾಡಲಿಲ್ಲ. ವ್ಯಾಕರಣ ತೆಗೆಯುವುದಿಲ್ಲ ಎಂದು ಮಾತು ಕೊಟ್ಟಿದ್ದರಿಂದ ಸುಮ್ಮನಿದ್ದೆ.

"ಅದು ಇರಲಿ," ಎಂದರು ಅವರು. "ಯೋಹಾನಗ ನಾಚಿಗಿ ಯಾಕ ಬಂತು ಅಂತೀನಿ. ಕರುಣಾ ಬೆಳ್ಳಟ್ಟಿ ದವಾಖಾನಿಯಾಗ ರಾತ್ರಿ ಪಾಳಿ ಮಾಡಿ ಬಂದು ಹಗಲೆಲ್ಲ ಮಲಗತಿದ್ಲು. ಇವ ಸಾಲಿ ಬಿಟ್ಟು ಬಂದವನ ಆಕಿ ಬಾಜೂಕ ಕುರ್ಚಿ ಹಾಕ್ಕೊಂಡು ಎಲ್ಲಾ ಹೇಳತಿದ್ದ. ಯಾವ ಹುಡುಗ ಲೆಕ್ಕ ತಪ್ಪಿದ, ಹೆಡ್ ಮಾಸ್ತರ ಏನಂದ, ಎಲ್ಲಾ. ಆಕಿಗೆ ಗೊರಕಿ. ನಾ ಒಂದ್ಸಲ ಅವರ ಮನಿಗೆ ಹೋದಾಗ ನೋಡಿ, ಏ ಆಕಿ ನಿದ್ದಿ ಮಾಡಾಕತ್ಯಾಳಲೋ, ಯಾರಿಗೆ ಹೇಳ್ತಿ ಅಂದೆ. ಗೊತ್ತೈತಿ ಅಕ್ಕಾ, ಅದಕ್ಕ ಸಣ್ಣ ದನಿಲೆ ಹೇಳಾಕತ್ತೇನಿ ಅಂದ."

ಅಪ್ಪ ಅವಲಕ್ಕಿಯ ತಟ್ಟೆ ಎತ್ತಿಕೊಂಡ.

"ಮೂವತ್ತು ವರ್ಷ ಮಲಗಿದ ಹೇಂತಿ ಕೂಡ ಮಾತಾಡ್ಯಾನ," ಎಂದರು ಎಸ್ತೇರಮ್ಮನವರು, ಮತ್ತೆ ಮೊರ ಎತ್ತಿಕೊಳ್ಳುತ್ತ. "ಆಕಿಗೆ ಒಂದು ಮಾತೂ ಕೇಳಿಸಿಲ್ಲ. ಇಬ್ಬರೂ ಆರಾಮ ಇದ್ರು."

ಬರುವಾಗ ಬಸ್ಸಿನಲ್ಲಿ ಅಪ್ಪ ಇದನ್ನೆಲ್ಲ ಮಾಸ್ತರಿಗೆ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಉರು ಹೊಡೆಯುತ್ತಿದ್ದ. ತುಟಿ ಅಲ್ಲಾಡುವುದು ಕಾಣುತ್ತಿತ್ತು. ಮರುದಿನ ನಾನು ಶಾಲೆಗೆ ಹೋಗುವ ಮೊದಲು ಅಂಗಡಿಗೆ ಹೋದೆ. ಅಪ್ಪ ಆ ದಿನ ಬೇಗ ಹೋಗಿ ಮಾಸ್ತರನ್ನು ಮನೆಯಿಂದಲೇ ಕರೆತಂದು ಕುರ್ಚಿಯಲ್ಲಿ ಕೂಡ್ರಿಸಿದ್ದ. ಹೇಳುವಾಗ ಎಲ್ಲವೂ ಗೊಂದಲವಾಯಿತು. ಕಳ್ಳನಿಂದ ಶುರು ಮಾಡಿ, ಗೊರಕೆಗೆ ಹೋಗಿ, ಮತ್ತೆ ಕಳ್ಳನಿಗೆ ಬಂದ. ಕಳ್ಳನೇ ಗೊರಕೆ ಹೊಡೆದಂತೆ ಆಯಿತು. 

"ಎಸ್ತೇರಕ್ಕ ಅದನ್ನ ಇನ್ನೂ ನೆನಪಿಟ್ಟಾಳ?" ಎಂದು ಕೊನೆಗೆ ಮಾಸ್ತರು ಕೇಳಿದರು.

"ನೀವು ಮರತಿದ್ರ್ಯಾ?" ಎಂದ ಅಪ್ಪ.

 ಮಾಸ್ತರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ನೀರು ಕೇಳಿದರು. ನಾನು ಕೊಟ್ಟೆ. ಅಪ್ಪ ಅವರ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, "ನೋಡ್ರಿ ಮಾಸ್ತರ, ಬಾಯಾರು ಎಚ್ಚರ ಇದ್ರ ಕೇಳಿಸಿಕೊಂತಾರ. ಮಲಗಿದ್ರ ಮಲಗತಾರ. ಅದು ಅವರದು. ನಿಮ್ಮ ಕೆಲಸ ನೀವು ಮಾಡ್ರಿ," ಎಂದ. ಇಡೀ ಪ್ರಕರಣದಲ್ಲಿ ಅಪ್ಪ ಗೊಂದಲವಿಲ್ಲದೆ ಹೇಳಿದ ಮಾತು ಅದೊಂದೇ.

ಮಾರನೆಯ ದಿನ ಮಾಸ್ತರು ಹತ್ತು ಗಂಟೆಗೆ ಬಂದರಂತೆ. ಕುಳಿತು, ಪೇಪರ್ ಬಿಚ್ಚಿ, "ಎರಡು ಕಪ್ಪು ಮಾಡಿದೆ," ಎಂದರಂತೆ. ಒಂದು ಪುಟ ತಿರುವಿದ ಮೇಲೆ, "ಸಣ್ಣ ದನಿಲೆ ಹೇಳಿದೆ. ಮಲಗಿದ್ರ ಎಬ್ಬಿಸಬಾರದು," ಎಂದರಂತೆ. ಇದನ್ನು ಅಪ್ಪ ಸಂಜೆ ನನಗೆ ವರದಿ ಮಾಡಿದಾಗ ಅವ್ವನೂ ಅಲ್ಲಿಯೇ ಇದ್ದಳು.  ಮರುದಿನದಿಂದ ಅಪ್ಪನ ಬುತ್ತಿಯಲ್ಲಿ ಎರಡು ರೊಟ್ಟಿ ಹೆಚ್ಚಾದವು, ಮಾಸ್ತರಿಗೆಂದು.

ನೋಟ್‌ಬುಕ್ಕನ್ನು ಅವರು ಬಿಡಲಿಲ್ಲ. ಹೊಸದೇನಾದರೂ ಕಣ್ಣಿಗೆ ಬಿದ್ದರೆ ಆ ಕಡೆಗೋ ಈ ಕಡೆಗೋ ಬರೆಯುತ್ತಿದ್ದರು. ಒಂದು ವರ್ಷದ ಮೇಲೆ, ಈಗ ಯಾವ ಕಡೆ ನಂಬುತ್ತೀರಿ ಸರ್ ಎಂದು ಧೈರ್ಯ ಮಾಡಿ ಕೇಳಿದೆ.

"ರವಿವಾರ ಎಡಗಡೆ ನಂಬತೀನಿ," ಎಂದರು. "ಚರ್ಚಿನಾಗ ಹಾಡು ಹಾಡಿ ಬಂದಿರ್ತೀನಿ, ಆಕಿ ಅಲ್ಲೇ ಅದಾಳ ಅನಸತೈತಿ. ಉಳಿದ ದಿವಸ ನನಗ ದಣಿವು ಆಗಿರ್ತೈತಿ. ಆಕಿ ಮಲಗ್ಯಾಳ ಅಂದ್ರನ ಸಮಾಧಾನ."

ಕೂಡಲೇನೋ ಆಮೇಲೋ ಎಂಬುದು ಎಸ್ತೇರಮ್ಮನವರಿಗೆ ಅದೇ ವರ್ಷ ಗೊತ್ತಾಯಿತು. ಮಾಸ್ತರು ಇನ್ನೂ ಮೂರು ವರ್ಷ ಇದ್ದರು.

ಅವರು ತೀರಿದಾಗ ಅಪ್ಪ ಕೆಲಸ ಬಿಡುವ ಹಂತದಲ್ಲಿದ್ದ.  ಆದರೂ ಈ ಪೆಟ್ಟಿಗೆಯನ್ನು ಬೇರೆಯವರಿಗೆ ಬಿಡಲಿಲ್ಲ. ಸಭೆಯವರು ಅಳತೆ ಹೇಳಲು ಬಂದರೆ, ಬೇಡ, ಗೊತ್ತಿದೆ ಎಂದ. ನಾಲ್ಕು ವರ್ಷ ಎದುರಿಗೆ ಕುಳಿತಿದ್ದ ಮನುಷ್ಯ. ಬೇವಿನ ಹಲಗೆಯನ್ನೇ ಹಾಕಿದ. ಮಧ್ಯಾಹ್ನ ನಾನು ಹೋಗಿ ನೋಡಿದಾಗ ಪೆಟ್ಟಿಗೆಯ ಹೊರಮೈ ಇನ್ನೂ ಒರಟಾಗಿಯೇ ಇತ್ತು. ಅಪ್ಪ ಒಳಮೈಗೆ ರಂದಾ ಹೊಡೆದು ನುಣುಪು ಮಾಡುತ್ತಿದ್ದ. ಮೂಲೆಮೂಲೆಗೂ ಬೆರಳು ಆಡಿಸಿ ನೋಡುತ್ತಿದ್ದ. ಇಷ್ಟು ವರ್ಷದಲ್ಲಿ ಆತ ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ.

"ಒಳಗ ಯಾರು ನೋಡ್ತಾರಪ್ಪಾ?" ಎಂದೆ.

"ಅವರು ಹೋಗಿದ್ರ ಹೆಂಗಿದ್ರೂ ನಡೀತೈತಿ. ಮಲಗಿದ್ರ ಸಿಬರು ಚುಚ್ಚಬಾರದು."

ಸ್ವಲ್ಪ ಹೊತ್ತು ರಂದಾ ಹೊಡೆದ. ಆಮೇಲೆ ನಿಲ್ಲಿಸಿ, ನನ್ನ ಕಡೆ ನೋಡದೆ, "ಬಾಯಾರದು ಒಳಗ ಹಂಗ ಬಿಟ್ಟಿದ್ದೆ," ಎಂದ. "ಮಾಸ್ತರು ಆಗಲೇ ಹೋಗ್ಯಾಳ ಅಂದಿದ್ರಲ್ಲ. ಅದಕ್ಕ."

 ನಾನು ನೆಲದ ಮೇಲೆ ಬಿದ್ದ ಸಿಪ್ಪೆಗಳನ್ನು ಗುಡಿಸಿದೆ. ಸಂಜೆ ಅವರನ್ನು ಕರುಣಾಬಾಯಿಯವರ ಪಕ್ಕದಲ್ಲಿಯೇ ಮಣ್ಣು ಮಾಡಿದರು. ಹೊಸ ಅಯ್ಯನವರು ಕಳ್ಳನದನ್ನೂ ಓದಿದರು, ತುತ್ತೂರಿಯದನ್ನೂ ಓದಿದರು. ಅಪ್ಪ ಆ ದಿನ ಹಿಂದೆ ನಿಲ್ಲಲಿಲ್ಲ. ಮಾಸ್ತರಿಗೆ ಹತ್ತಿರದವರು ಯಾರೂ ಇಲ್ಲದ್ದರಿಂದ ಸಭೆಯವರು ಆತನನ್ನು ಮುಂದೆ ಕರೆದು ಮೊದಲ ಹಿಡಿ ಮಣ್ಣು ಹಾಕಿಸಿದರು. ಮನೆಗೆ ಬಂದ ಮೇಲೆ ಮುಚ್ಚಳದ ಬಗ್ಗೆ ಏನೂ ಹೇಳಲಿಲ್ಲ. 

ಈಗ ಅಪ್ಪನಿಗೆ ಎಪ್ಪತ್ತೈದು ದಾಟಿದೆ. ಅಂಗಡಿ ಮುಚ್ಚಿ ಬಹಳ ದಿನವಾಯಿತು. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯ ಮಂಚದ ಮೇಲೆ ಮಲಗಿದರೆ ಸಂಜೆಯವರೆಗೆ ಏಳುವುದಿಲ್ಲ. ನಾನು ಶಾಲೆಯಿಂದ ಬರುವಾಗ ದಿನಾಲು ಒಮ್ಮೆ ಇಣುಕುತ್ತೇನೆ. ಮಲಗಿದ್ದರೆ ಸದ್ದು ಮಾಡದೆ ಹೊರಟುಬಿಡುತ್ತಿದ್ದೆ. ಕೇಳದವರ ಮುಂದೆ ಮಾತಾಡುವುದು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ಮೇಷ್ಟರಿಕೆ ಮಾಡಿದವರಿಗೆ ಇದು ಅರ್ಥವಾಗುತ್ತದೆ.

ಕೊಂಬೆ ಕಡಿದ ದಿನವೂ ಅಪ್ಪ ಮಲಗಿದ್ದ. ಅವ್ವ ತನ್ನ ತಂಗಿಯನ್ನು ನೋಡಲು ಯಳವತ್ತಿಗೆ ಹೋಗಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಮಂಚದ ಪಕ್ಕ ಒಂದು ಸ್ಟೂಲು ಎಳೆದುಕೊಂಡು ಕುಳಿತೆ. ಮೊದಲು ಸ್ವಲ್ಪ ಸಂಕೋಚವಾಯಿತು. ಆಮೇಲೆ ಹೇಳುತ್ತ ಹೋದೆ. ಹೊಸ ಹೆಡ್ ಮಾಸ್ತರು ಟೈಮ್‌ಟೇಬಲ್ ಬದಲಾಯಿಸಿದ್ದು, ಬಸ್ಸು ಕೆಟ್ಟು ಸೊರಟೂರಿನ ಹತ್ತಿರ ಮುಕ್ಕಾಲು ಗಂಟೆ ನಿಂತದ್ದು, ನನ್ನ ಮೊಣಕಾಲು ನೋವು, ಮಗಳ ಪರೀಕ್ಷೆ. ಅಪ್ಪನ ಬಾಯಿ ಸ್ವಲ್ಪ ತೆರೆದಿತ್ತು. ಎದೆಯ ಮೇಲಿನ ಕೈ ಏರಿ ಇಳಿಯುತ್ತಿತ್ತು. ನಾನು ಸಾವಕಾಶವಾಗಿ, ಯಾವುದನ್ನೂ ಬಿಡದೆ ಹೇಳಿದೆ.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಎದ್ದ. ನನ್ನನ್ನು ನೋಡಿ, "ಏನರ ಹೇಳಿದೇನವ್ವ?" ಎಂದ.

ಮೊದಲಿನಿಂದ ಎಲ್ಲವನ್ನೂ ಇನ್ನೊಮ್ಮೆ ಹೇಳಿದೆ.